ಎಣ್ಣೆ ತಲುಪದ ಜಾಗ

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಲದ್ದು. ಮಾರಿಸ್ ಆಕ್ಸ್‌ಫರ್ಡ್ ಕಾರಿನಲ್ಲಿಯೂ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿಯೂ ಇದೇ ಕುಲದ ಇಂಜಿನ್ ಇತ್ತು. ಕ್ರ್ಯಾಂಕ್‌ಶಾಫ್ಟಿಗೆ ಮೂರೇ ಮೇನ್ ಬೇರಿಂಗ್. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೆ ಕೂತಿದೆ, ಅಲ್ಲಿಂದ ಪುಶ್‌ರಾಡ್‌ಗಳು ಮೇಲೆದ್ದು ಹೆಡ್ಡಿನ ಮೇಲಿನ ರಾಕರ್‌ಗಳನ್ನು ಆಡಿಸುತ್ತವೆ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತುಹೋಯಿತು. ಆದರೆ ಈ ಇಂಜಿನ್ನಿನ ಒಳಗನ್ನು ಬಲ್ಲ ಹಿರಿಯ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಭಾಗಗಳೂ ಸಿಗುತ್ತವೆ. ಮನೆಯ ಮಾರ್ಕ್ 4 ಮತ್ತು ಸ್ನೇಹಿತರ ಒಂದೆರಡು ಪದ್ಮಿನಿ ಕಾರುಗಳ ಜೊತೆ ಕೈ ಕಪ್ಪು ಮಾಡಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಹೆಚ್ಚಿನದನ್ನು ಕಲಿತದ್ದು ಮೊದಲು ಕೆಡಿಸಿ.

1. ಕೆಂಪು ದೀಪ ಹತ್ತಿದರೆ ಮೊದಲು ಇಂಜಿನ್ ಆರಿಸಿ

ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾರು ನಿಧಾನಿಸಿದಾಗ ಆಯಿಲ್ ಪ್ರೆಷರ್ ದೀಪ ಮಿಣುಕಿತು. ಆಕ್ಸಿಲರೇಟರ್ ತುಳಿದರೆ ಆರುತ್ತಿತ್ತು, ಕಾಲು ತೆಗೆದರೆ ಮತ್ತೆ ಮಿಣುಕುತ್ತಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಮಟ್ಟ ಸರಿಯಾಗಿಯೇ ಇತ್ತು. ಹಾಗಾದರೆ ಸ್ವಿಚ್ಚೋ ವೈರೋ ಕೆಟ್ಟಿರಬೇಕು ಎಂದು ತೀರ್ಮಾನಿಸಿ ಹಾಸನದ ಕಡೆ ಹೊರಟೆ. ಆಲೂರು ದಾಟುವ ಹೊತ್ತಿಗೆ ಬಾನೆಟ್ಟಿನ ಕೆಳಗಿಂದ ದಪ್ಪ ದನಿಯ ಬಡಿತ ಶುರುವಾಯಿತು. ಆಗಲೂ ನಿಲ್ಲಿಸಲಿಲ್ಲ, ಮೆಲ್ಲಗೆ ಓಡಿಸಿದರೆ ಊರು ಸೇರಬಹುದು ಎಂದುಕೊಂಡೆ. ಇಂಜಿನ್ ಬಿಚ್ಚಿದಾಗ ಒಂದು ಬಿಗ್ ಎಂಡ್ ಬೇರಿಂಗಿನ ಬಿಳಿ ಲೋಹ ಪೂರ್ತಿ ಹೋಗಿ ಕೆಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕಿನ ಜರ್ನಲ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು.

ಆ ದೀಪದ ಸ್ವಿಚ್ ಏನು ಮಾಡುತ್ತದೆ ಎಂದು ತಿಳಿದುಕೊಂಡದ್ದು ಆಮೇಲೆ. ಒತ್ತಡ ಕೆಲವೇ ಪಿಎಸ್‌ಐಗೆ ಇಳಿಯುವವರೆಗೂ ಅದು ಸುಮ್ಮನಿರುತ್ತದೆ. ಆರೋಗ್ಯವಂತ ಇಂಜಿನ್ ಓಡುವಾಗ 50 ಪಿಎಸ್‌ಐ ಆಸುಪಾಸಿನಲ್ಲಿರಬೇಕಾದದ್ದು 20ಕ್ಕೆ ಇಳಿದರೂ ದೀಪಕ್ಕೆ ಅದು ತಿಳಿಯುವುದಿಲ್ಲ. ದೀಪ ಹತ್ತಿತು ಎಂದರೆ ಒತ್ತಡ ಬಹುಪಾಲು ಹೋಗಿಯಾಗಿದೆ ಎಂದೇ ಲೆಕ್ಕ. ಈ ಬೇರಿಂಗುಗಳಲ್ಲಿ ಬಾಲ್ ಇಲ್ಲ, ರೋಲರ್ ಇಲ್ಲ. ತಿರುಗುವ ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ, ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಸ್ವಿಚ್ ಕೆಟ್ಟಿರುವ ಸಾಧ್ಯತೆ ನಿಜವಾಗಿಯೂ ಇದೆ, ಎಷ್ಟೋ ಸಲ ಅದೇ ಆಗಿರುತ್ತದೆ. ಆದರೆ ಅದನ್ನು ಪರೀಕ್ಷಿಸಬೇಕಾದ್ದು ಇಂಜಿನ್ ನಿಲ್ಲಿಸಿ. ಅಂದು ಟೋಯಿಂಗಿಗೆ ಕೊಡಬೇಕಿದ್ದ ಹಣ ಕ್ರ್ಯಾಂಕ್ ಗ್ರೈಂಡಿಂಗಿನ ಖರ್ಚಿನ ಮುಂದೆ ಏನೂ ಅಲ್ಲ.

2. ಶಬ್ದ ಎಷ್ಟು ಜೋರು ಎಂಬುದಕ್ಕಿಂತ ಅದರ ಲಯ ಮುಖ್ಯ

ಮೊದಮೊದಲು ಜೋರಾದ ಶಬ್ದಕ್ಕೆ ಹೆದರುತ್ತಿದ್ದೆ, ಮೆತ್ತಗಿನದನ್ನು ಗಮನಿಸುತ್ತಲೇ ಇರಲಿಲ್ಲ. ಇದು ಪೂರ್ತಿ ತಲೆಕೆಳಗು. ಟ್ಯಾಪೆಟ್ ಸಡಿಲವಾದರೆ ರಸ್ತೆಯ ಆಚೆ ಬದಿಗೂ ಕೇಳುವಷ್ಟು ಟಕಟಕ ಎನ್ನುತ್ತದೆ, ಅದರಿಂದ ಕಾರು ದಾರಿಯಲ್ಲಿ ನಿಲ್ಲುವುದಿಲ್ಲ. ಮೇನ್ ಬೇರಿಂಗ್ ಸವೆದಾಗ ಬರುವುದು ನೆಲದೊಳಗಿಂದ ಒನಕೆ ಪೆಟ್ಟು ಬಿದ್ದಂಥ ಸದ್ದು. ಅದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ, ಏರಿನಲ್ಲಿ ಇಂಜಿನ್ ಮೇಲೆ ಭಾರ ಬಿದ್ದಾಗ ಹೆಚ್ಚುತ್ತದೆ.

ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಐಡಲ್‌ನಲ್ಲಿ ಇಂಜಿನ್ 800 ಸುತ್ತು ತಿರುಗುತ್ತಿದ್ದರೆ ಒಂದು ಸಡಿಲ ಟ್ಯಾಪೆಟ್ ನಿಮಿಷಕ್ಕೆ 400 ಸಲ ಬಡಿಯುತ್ತದೆ, ಕ್ರ್ಯಾಂಕಿಗೆ ಸೇರಿದ ಬಡಿತ ಅದರ ಎರಡರಷ್ಟು ಬೇಗ ಬರಬಹುದು. ಎಣಿಸಲು ಆಗದಿದ್ದರೂ ವ್ಯತ್ಯಾಸ ಹಿಡಿಯಬಹುದು. ಟೈಮಿಂಗ್ ಲೈಟ್ ಇದ್ದರೆ ಕೆಲಸ ಇನ್ನೂ ಸುಲಭ. ಒಂದು ಪ್ಲಗ್ ವೈರಿಗೆ ಅದನ್ನು ಸಿಕ್ಕಿಸಿದರೆ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ ಬೆಳಕು ಬಡಿಯುತ್ತದೆ. ಒಂದು ಬೆಳಕಿಗೆ ಒಂದೇ ಬಡಿತ ಕೂಡಿಬಂದರೆ ದೋಷ ಮೇಲಿನ ವಾಲ್ವ್ ಕಡೆ ಇರುವ ಸಂಭವ ಹೆಚ್ಚು.

ತಣ್ಣಗಿದ್ದಾಗ ಕಟಕಟ ಎಂದು, ಬಿಸಿಯೇರಿದ ಮೇಲೆ ಅಡಗಿದರೆ ಸಾಮಾನ್ಯವಾಗಿ ಅದು ಸವೆದ ಬೋರಿನಲ್ಲಿ ಓಲಾಡುವ ಪಿಸ್ಟನ್. ಇಂಥ ಶಬ್ದದ ಜೊತೆ ವರ್ಷಗಟ್ಟಲೆ ಓಡಿದ ಕಾರುಗಳನ್ನು ನೋಡಿದ್ದೇನೆ. ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದ ಮೇಲೆ ಶುರುವಾಗುವ ದಪ್ಪ ಬಡಿತವೇ ಬೇರೆ. ಆಯಿಲ್ ತೆಳುವಾದಾಗ ಬೇರಿಂಗ್ ಸಂದು ಬಯಲಾಗುತ್ತಿದೆ ಎಂದು ಅರ್ಥ.

3. ಕಿವಿಗೆ ಸ್ಕ್ರೂಡ್ರೈವರ್ ಇಡುವ ಮೊದಲು ಬೆಲ್ಟ್ ಬಿಚ್ಚಿ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿ ಕೇಳುವುದು ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರುವ ವಿದ್ಯೆ. ಆದರೆ ಬೀಡು ಕಬ್ಬಿಣದಲ್ಲಿ ಶಬ್ದ ಬಹಳ ದೂರ ಹರಿಯುತ್ತದೆ. ಮುಂಭಾಗದಲ್ಲಿ ಗರಗರ ಕೇಳಿ ಟೈಮಿಂಗ್ ಚೈನ್ ಹೋಗಿದೆ ಎಂದು ನಂಬಿ ಮುಂದಿನ ಕವರ್ ಬಿಚ್ಚಿಸಿದ್ದೆ. ಚೈನ್ ಚೆನ್ನಾಗಿಯೇ ಇತ್ತು, ಕೂಗುತ್ತಿದ್ದದ್ದು ವಾಟರ್ ಪಂಪಿನ ಬೇರಿಂಗ್. ಫ್ಯಾನ್ ಬೆಲ್ಟ್ ಬಿಚ್ಚಿ ಕೆಲವು ಸೆಕೆಂಡು ಇಂಜಿನ್ ಓಡಿಸಿದ್ದರೆ ಸಾಕಿತ್ತು. ಶಬ್ದ ನಿಂತರೆ ತಪ್ಪು ಪಂಪಿನದು ಇಲ್ಲವೇ ಡೈನಮೋದ್ದು. ಪಂಪ್ ತಿರುಗದೆ ನೀರು ಹರಿಯುವುದಿಲ್ಲ, ಆದ್ದರಿಂದ ಅದಕ್ಕಿಂತ ಹೆಚ್ಚು ಓಡಿಸಬಾರದು.

ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಥೇಟು ಟ್ಯಾಪೆಟ್ಟಿನಂತೆಯೇ ಟಿಕ್ ಟಿಕ್ ಬರುತ್ತದೆ. ಸೇರುವ ಕಡೆ ಕರಿಯ ಮಸಿ ಇದೆಯೇ ಎಂದು ಬ್ಯಾಟರಿ ಹಾಕಿ ನೋಡಿ.

4. ಒಂದೊಂದೇ ಪ್ಲಗ್ ವೈರ್ ತೆಗೆದು ಕೇಳಿ

ಬಿಗ್ ಎಂಡ್ ಬೇರಿಂಗ್ ಬಡಿಯುವುದು ಸಿಲಿಂಡರಿನಲ್ಲಿ ಬೆಂಕಿ ಹೊತ್ತಿ ಪಿಸ್ಟನ್ನನ್ನು ಕೆಳಗೆ ತಳ್ಳಿದಾಗ. ಆ ಸಿಲಿಂಡರಿನ ಕಿಡಿ ನಿಲ್ಲಿಸಿದರೆ ಬಡಿತ ತಗ್ಗುತ್ತದೆ. ಟ್ಯಾಪೆಟ್ಟಿನ ಶಬ್ದ ಬದಲಾಗುವುದಿಲ್ಲ, ಏಕೆಂದರೆ ಬೆಂಕಿ ಇದ್ದರೂ ಇಲ್ಲದಿದ್ದರೂ ವಾಲ್ವ್ ಆಡುತ್ತಲೇ ಇರುತ್ತದೆ. ವೈರನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ತುದಿಯನ್ನು ಬಾಡಿಗೆ ತಾಗಿಸಿ ಇಡಬೇಕು. ಗಾಳಿಯಲ್ಲಿ ತೂಗಾಡಲು ಬಿಟ್ಟರೆ ಕಾಯಿಲ್‌ಗೂ ಕೈಗೂ ಕೇಡು. ಇದು ಪಾಯಿಂಟ್ ಇರುವ ಹಳೇ ಇಗ್ನಿಷನ್ನಿಗೆ ಹೇಳಿದ ಮಾತು, ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ಹೀಗೆ ಮಾಡಬೇಡಿ.

5. ಗೇಜ್ ಹಾಕದೆ ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಬೇಡಿ

ಈ ಬರಹದಲ್ಲಿ ಒಂದೇ ಒಂದು ಮಾತನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಶಬ್ದ ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆ, ಏನಾಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ಅಂಕಿ ಬೇಕು. ದೀಪದ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಸೇರಿಸುವುದು ಸಣ್ಣ ಕೆಲಸ. ಒಂದು ಗೇಜಿನ ಬೆಲೆ ಒಂದು ಗ್ಯಾಸ್ಕೆಟ್ ಸೆಟ್ಟಿಗಿಂತ ಹೆಚ್ಚೇನಿಲ್ಲ. ಸಂದುಗಳಲ್ಲಿ ಸೋರದಂತೆ ನೋಡಿಕೊಳ್ಳಿ, ಬಿಸಿ ಆಯಿಲ್ ಚಿಮ್ಮಿದರೆ ಕೈ ಸುಡುತ್ತದೆ.

ಅಳತೆಯನ್ನು ನಾಲ್ಕು ಸಂದರ್ಭಗಳಲ್ಲಿ ಬರೆದಿಟ್ಟುಕೊಳ್ಳುತ್ತೇನೆ: ತಣ್ಣಗಿದ್ದಾಗ ಐಡಲ್‌ನಲ್ಲಿ, ತಣ್ಣಗಿದ್ದಾಗ 2000 ಸುತ್ತಿನಲ್ಲಿ, ಚೆನ್ನಾಗಿ ಬಿಸಿಯಾದ ಮೇಲೆ ಮತ್ತೆ ಅವೇ ಎರಡು. ಬಿಸಿ ಎಂದರೆ ನೀರಿನ ಮುಳ್ಳು ಏರಿದ್ದು ಸಾಲದು. ಆಯಿಲ್ ಬಿಸಿಯಾಗಲು ನೀರಿಗಿಂತ ಹೆಚ್ಚು ಹೊತ್ತು ಬೇಕು, ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ ಬರಬೇಕು. ಈ ಇಂಜಿನ್ನಿಗೆ ಬಿಸಿಯಾಗಿ ಓಡುವಾಗ 50 ಪಿಎಸ್‌ಐ ಆಸುಪಾಸು, ಐಡಲ್‌ನಲ್ಲಿ 10ರಿಂದ 25 ಸಿಕ್ಕರೆ ಚಿಂತೆ ಬೇಡ.

ತಣ್ಣಗಿದ್ದಾಗ ಒತ್ತಡ ಚೆನ್ನಾಗಿದ್ದು ಬಿಸಿಯಾದಂತೆ ಕುಸಿದರೆ ಬೇರಿಂಗ್ ಸಂದು ದೊಡ್ಡದಾಗಿದೆ, ಇಲ್ಲವೇ ಆಯಿಲ್ ತೀರಾ ತೆಳು. ಪಂಪ್ ಮಾಡುವುದು ಆಯಿಲ್ ತಳ್ಳುವುದನ್ನು ಮಾತ್ರ. ಹರಿಯುವ ದಾರಿ ಕಿರಿದಾಗಿದ್ದಾಗ ಎದುರಾಗುವ ತಡೆಯೇ ಒತ್ತಡವಾಗುತ್ತದೆ. ಸಂದು ಅಗಲವಾದರೆ ಹೊಸ ಪಂಪ್ ಹಾಕಿದರೂ ಮುಳ್ಳು ಏರುವುದಿಲ್ಲ. ಬಿಸಿಗೂ ತಂಪಿಗೂ ಒಂದೇ ರೀತಿ ಕಡಿಮೆ ಇದ್ದರೆ ಮೊದಲು ರಿಲೀಫ್ ವಾಲ್ವನ್ನು ಸಂಶಯಿಸಿ. ಮುಳ್ಳು ನಡುಗುತ್ತಾ ಏರಿಳಿದರೆ, ಅದರಲ್ಲೂ ತಿರುವುಗಳಲ್ಲಿ, ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತಿರಬಹುದು. ಮಟ್ಟ ಕಡಿಮೆಯಾದಾಗ ಹೀಗಾಗುತ್ತದೆ. ಹೀರುವ ಕೊಳವೆಯ ಜೋಡಣೆ ಸಡಿಲವಾದಾಗಲೂ ಆಗುತ್ತದೆ.

ರಿಲೀಫ್ ವಾಲ್ವಿನ ಮಾತು ಬಂದಾಗ ನನಗೆ ಈಗಲೂ ಸಂಕಟವಾಗುತ್ತದೆ. ಸ್ನೇಹಿತರೊಬ್ಬರ ಅಂಬಾಸಿಡರಿನಲ್ಲಿ ಒತ್ತಡ ಯಾವಾಗಲೂ ಕಡಿಮೆ ಇತ್ತು. ನನ್ನ ಮಾತು ಕೇಳಿ ಅವರು ಚೇಂಬರ್ ಇಳಿಸಿ ಹೊಸ ಪಂಪ್ ಹಾಕಿಸಿದರು, ಒತ್ತಡ ಇದ್ದಲ್ಲೇ ಇತ್ತು. ಬ್ಲಾಕಿನ ಎಡ ಬದಿಯಲ್ಲಿ ಹಿಂದುಗಡೆ ಗುಮ್ಮಟದಂಥ ತಲೆಯ ಒಂದು ದೊಡ್ಡ ನಟ್ ಇದೆ. ಅದರ ಹಿಂದೆ ಒಂದು ಸ್ಪ್ರಿಂಗ್, ಒಂದು ಪ್ಲಂಜರ್, ಅಷ್ಟೇ. ಒತ್ತಡ ಮಿತಿ ಮೀರಿದಾಗ ಪ್ಲಂಜರ್ ಹಿಂದೆ ಸರಿದು ಹೆಚ್ಚಿನ ಆಯಿಲ್ಲನ್ನು ಚೇಂಬರಿಗೆ ಮರಳಿಸುತ್ತದೆ. ಅದರ ಸೀಟಿನ ಮೇಲೆ ಲೋಹದ ಚೂರೊಂದು ಕೂತು ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಇತ್ತು. ಒಂದು ಸ್ಪ್ಯಾನರ್ ಸಾಕಾಗುವ ಕೆಲಸಕ್ಕೆ ಅವರು ಇಡೀ ಪಂಪಿನ ಹಣ ಕೊಟ್ಟಿದ್ದರು. ಅಂದಿನಿಂದ ಹೊರಗಿನಿಂದ ಕೈಗೆ ಸಿಗುವುದನ್ನೆಲ್ಲ ನೋಡಿ ಮುಗಿಸುವವರೆಗೆ ಒಳಗಿನದನ್ನು ಬಿಚ್ಚಿ ಎಂದು ಯಾರಿಗೂ ಹೇಳಿಲ್ಲ. ಸ್ಪ್ರಿಂಗ್ ಕೆಳಗೆ ವಾಷರ್ ತುರುಕಿ ಮುಳ್ಳನ್ನು ಏರಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಸವೆದ ಬೇರಿಂಗಿಗೆ ಅದರಿಂದ ಏನೂ ಸಿಗುವುದಿಲ್ಲ, ತಣ್ಣಗಿನ ಇಂಜಿನ್ನಿನಲ್ಲಿ ಒತ್ತಡ ಮಾತ್ರ ವಿಪರೀತ ಏರುತ್ತದೆ.

6. ಆಯಿಲ್ ಮಟ್ಟ ಏರಿದರೂ ಗಾಬರಿಯಾಗಬೇಕು

ಅಂಬಾಸಿಡರ್ ಆಯಿಲ್ ಸೋರುವ ಕಾರು. ಹಳೆಯ ಮೂರು ಬೇರಿಂಗಿನ ಬಿ-ಸೀರೀಸಿನಲ್ಲಿ ಹಿಂದಿನ ಮೇನ್ ಬೇರಿಂಗಿನ ಬಳಿ ಇರುವುದು ಆಯಿಲ್ಲನ್ನು ಒಳಕ್ಕೆ ಮರಳಿಸುವ ಸುರುಳಿ ತೋಡು ಮಾತ್ರ, ಇಂದಿನ ಕಾರುಗಳಂಥ ರಬ್ಬರ್ ಸೀಲ್ ಅಲ್ಲ. ಹಾಗಾಗಿ ಮಟ್ಟ ಇಳಿಯುವುದನ್ನೇ ಕಾಯುತ್ತಾ ಕೂರುವುದು ನಮ್ಮ ಅಭ್ಯಾಸವಾಗಿರುತ್ತದೆ. ಸ್ನೇಹಿತರ ಪದ್ಮಿನಿಯಲ್ಲಿ ಡಿಪ್‌ಸ್ಟಿಕ್ ಮಟ್ಟ ಮೇಲೇರಿದ್ದನ್ನು ಕಂಡಾಗ ಯಾರೋ ಹೆಚ್ಚು ಸುರಿದಿದ್ದಾರೆ ಎಂದು ಸುಮ್ಮನಾದೆ. ಕೆಲವೇ ವಾರಗಳಲ್ಲಿ ಇಂಜಿನ್ ಎಲ್ಲೆಡೆಯಿಂದ ಕಿಟಕಿಟ ಎನ್ನತೊಡಗಿತು.

ಆ 1089 ಸಿಸಿ ಇಂಜಿನ್ನಿನ ಪೆಟ್ರೋಲ್ ಪಂಪ್ ಬ್ಲಾಕಿಗೇ ಕೂತಿರುತ್ತದೆ, ಕ್ಯಾಮ್‌ಶಾಫ್ಟ್ ಅದನ್ನು ಆಡಿಸುತ್ತದೆ. ಒಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಚೇಂಬರಿಗೆ ಇಳಿಯುತ್ತದೆ. ಆಯಿಲ್ ಹೆಚ್ಚುತ್ತಾ ಹೋಗುತ್ತದೆ, ತೆಳುವಾಗುತ್ತಾ ಬೇರಿಂಗುಗಳನ್ನು ಕೈಬಿಡುತ್ತದೆ. ಡಿಪ್‌ಸ್ಟಿಕ್ ತುದಿಯನ್ನು ಮೂಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಬೆಂಕಿಯ ಅಪಾಯವೂ ಇದೆ. ಪಂಪ್ ಸರಿಪಡಿಸಿ, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಆಗ ಹುಡುಕಬೇಕಾದ್ದು ಹೆಡ್ ಗ್ಯಾಸ್ಕೆಟ್ಟಿನ ಕಡೆ.

7. ಟ್ಯಾಪೆಟ್ ಶಬ್ದವನ್ನು ಬಿಗಿ ಮಾಡಿ ಅಡಗಿಸಬೇಡಿ

ಇಂಜಿನ್ ಮೌನವಾಗಿರಬೇಕೆಂಬ ಆಸೆಯಿಂದ ಟ್ಯಾಪೆಟ್ ಸಂದನ್ನು ಕಿರಿದು ಮಾಡುತ್ತಾ ಹೋದೆ. ಕೇಳಲು ಹಿತವಾಗಿತ್ತು. ಕೆಲವು ತಿಂಗಳಲ್ಲಿ ಪಿಕಪ್ ಹೋಯಿತು, ಒಂದು ಸಿಲಿಂಡರಿನಲ್ಲಿ ಕಂಪ್ರೆಷನ್ ಇಲ್ಲ. ಬಿಸಿಗೆ ಉದ್ದವಾಗುವ ಎಕ್ಸಾಸ್ಟ್ ವಾಲ್ವ್ ಸೀಟಿಗೆ ಪೂರ್ತಿ ಕೂರಲು ಜಾಗವಿಲ್ಲದೆ ಅಂಚು ಸುಟ್ಟುಹೋಗಿತ್ತು. ವಾಲ್ವಿನ ಶಾಖ ಹೆಡ್ಡಿಗೆ ದಾಟುವುದು ಸೀಟಿಗೆ ತಾಗಿದ ಕ್ಷಣದಲ್ಲಿ, ಆ ಕ್ಷಣವನ್ನೇ ನಾನು ಕಿತ್ತುಕೊಂಡಿದ್ದೆ. ಈ ಇಂಜಿನ್ನಿಗೆ 15 ಥೌ, ಅಂದರೆ 0.015 ಇಂಚು ಸಂದು ಬೇಕು. ಅಷ್ಟು ಸಂದಿದ್ದರೆ ಸಣ್ಣ ಟಿಕ್ ಟಿಕ್ ಇದ್ದೇ ಇರುತ್ತದೆ, ಇರಲಿ.

ಯಾವ ವಾಲ್ವನ್ನು ಯಾವಾಗ ಹೊಂದಿಸಬೇಕು ಎಂಬುದಕ್ಕೆ ಹಳೇ ಮೇಸ್ತ್ರಿಯೊಬ್ಬರು ಕಲಿಸಿದ ಒಂಬತ್ತರ ಲೆಕ್ಕ ಇಲ್ಲಿದೆ. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಆರನೆಯದು ತೆರೆದಾಗ ಮೂರನೆಯದನ್ನು. ಎರಡರ ಮೊತ್ತ ಯಾವಾಗಲೂ 9.

ಸಂದು ಸರಿಯಾಗಿ ಇಟ್ಟರೂ ಶಬ್ದ ಹೋಗದಿದ್ದರೆ ಎರಡು ಕಾರಣಗಳನ್ನು ನೋಡಿ. ರಾಕರಿನ ಮೂತಿ ಸವೆದು ಗುಳಿ ಬಿದ್ದಿದ್ದರೆ ಫೀಲರ್ ಗೇಜ್ ಗುಳಿಯ ಮೇಲೆ ಸೇತುವೆ ಕಟ್ಟಿಕೊಂಡು ಸುಳ್ಳು ಅಳತೆ ಕೊಡುತ್ತದೆ, ನಿಜವಾದ ಸಂದು ಅದಕ್ಕಿಂತ ದೊಡ್ಡದಿರುತ್ತದೆ. ಇನ್ನೊಂದು, ರಾಕರ್ ಶಾಫ್ಟಿಗೆ ಆಯಿಲ್ ಬರದೆ ಇರುವುದು. ಹೆಡ್ಡಿನಲ್ಲಿ ಮೇಲೇರುವ ಸಣ್ಣ ತೂತು ಕಟ್ಟಿಕೊಂಡರೆ ಗೇಜಿನ ಮುಳ್ಳು 50 ತೋರಿಸುತ್ತಿದ್ದರೂ ಮೇಲೆ ಒಣಗಿರುತ್ತದೆ. ಗೇಜ್ ಅಳೆಯುವುದು ಬ್ಲಾಕಿನ ಮುಖ್ಯ ನಾಳದ ಒತ್ತಡವನ್ನು ಮಾತ್ರ. ರಾಕರ್ ಕವರ್ ತೆಗೆದು ಐಡಲ್‌ನಲ್ಲಿ ಓಡಿಸಿ ನೋಡಿ, ಪ್ರತಿ ರಾಕರಿನ ಬಳಿಯೂ ಆಯಿಲ್ ಜಿನುಗಬೇಕು. ಜಿನುಗದ ಕಡೆಯೇ ಶಬ್ದವೂ ಇರುತ್ತದೆ.

8. ಫಿಲ್ಟರಿನ ಹಳೇ ರಬ್ಬರ್ ರಿಂಗ್ ಕಿತ್ತು ತೆಗೆಯಿರಿ

ಬಟ್ಟಲಿನೊಳಗೆ ಎಲಿಮೆಂಟ್ ಕೂರುವ ಹಳೇ ಫಿಲ್ಟರಿನಲ್ಲಿ ಈ ರಿಂಗ್ ತೋಡಿನೊಳಗೆ ಗಟ್ಟಿಯಾಗಿ ಅಂಟಿಕೊಂಡು ಕಾಣುವುದೇ ಇಲ್ಲ. ಅದರ ಮೇಲೆ ಹೊಸದನ್ನು ಕೂರಿಸಿದರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ನೆಲಕ್ಕೆ ಹರಿಯುತ್ತದೆ. ಸೂಜಿಯಿಂದ ಎಬ್ಬಿಸಿ ತೆಗೆಯಬೇಕು.

9. ಹಳೇ ಇಂಜಿನ್ನಿಗೆ ಅವಸರದ ಫ್ಲಶ್ ಬೇಡ

ಸಕಲೇಶಪುರದಲ್ಲಿ ಮಿಣುಕಿದ ದೀಪಕ್ಕೆ ಕಾರಣ ಇಲ್ಲಿತ್ತು. ಆ ಪ್ರಯಾಣಕ್ಕೆ ಮೊದಲು, ಒಳಗೆಲ್ಲ ಶುಭ್ರವಾಗಲಿ ಎಂದು ಆಯಿಲ್ ಜೊತೆ ಡೀಸೆಲ್ ಬೆರೆಸಿ ಐಡಲ್‌ನಲ್ಲಿ ಓಡಿಸಿ ಇಳಿಸಿದ್ದೆ. ಬಹಳ ಗ್ಯಾರೇಜುಗಳಲ್ಲಿ ಹಾಗೆ ಮಾಡುವುದನ್ನು ನೋಡಿದ್ದೆ. ವರ್ಷಗಳಿಂದ ಮೂಲೆಗಳಲ್ಲಿ ಕೂತಿದ್ದ ಕರಿಯ ಜಿಡ್ಡು ಸಡಿಲವಾಯಿತು, ಆದರೆ ಎಲ್ಲವೂ ಹೊರಗೆ ಬರಲಿಲ್ಲ. ಉಳಿದದ್ದು ಹೊಸ ಆಯಿಲ್ ಜೊತೆ ತಿರುಗುತ್ತಾ ಪಂಪಿನ ಜಾಲರಿಗೆ ಬಂದು ಮೆತ್ತಿಕೊಂಡಿತು. ಚೇಂಬರ್ ಇಳಿಸಿದಾಗ ಜಾಲರಿಯ ಮುಕ್ಕಾಲು ಭಾಗ ಮುಚ್ಚಿತ್ತು. ಜೊತೆಗೆ ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ಟಿನ ಚೂರುಗಳು, ಯಾರೋ ಹಿಂದೆ ಧಾರಾಳವಾಗಿ ಬಳಿದಿದ್ದ ಸಿಲಿಕಾನ್ ಸೀಲಂಟಿನ ಎಳೆಗಳು. ಸೀಲಂಟ್ ಹೊರಗೆ ಎಷ್ಟು ಉಬ್ಬಿ ಕಾಣುತ್ತದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ, ಒಳಗಿನದು ಕಿತ್ತುಬಂದು ಜಾಲರಿ ಸೇರುತ್ತದೆ.

ಈಗ ಜಿಡ್ಡಿನ ಇಂಜಿನ್ ಕೈಗೆ ಬಂದರೆ ಸಾಮಾನ್ಯ 20ಡಬ್ಲ್ಯು-50 ಆಯಿಲ್ ಹಾಕಿ ಬೇಗ ಬೇಗ ಬದಲಿಸುತ್ತೇನೆ. ಜಿಡ್ಡು ವಿಪರೀತ ಅನ್ನಿಸಿದರೆ ಚೇಂಬರ್ ಇಳಿಸಿ ಕೈಯಿಂದಲೇ ತೊಳೆಯುತ್ತೇನೆ. ಗೇಜಿನ ಅಂಕಿಗಳನ್ನು ಬರೆದಿಟ್ಟ ಪುಸ್ತಕ ಇಲ್ಲಿ ನೆರವಾಗುತ್ತದೆ, ಒತ್ತಡ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿದ್ದರೆ ದೀಪಕ್ಕಿಂತ ಎಷ್ಟೋ ಮೊದಲು ಅದು ಹೇಳುತ್ತದೆ.

10. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ ಮೇಲೆ ತೂತುಗಳನ್ನು ನೀವೇ ತೊಳೆಯಿರಿ

ಗ್ರೈಂಡಿಂಗ್ ಆಗಿ ಬಂದ ಕ್ರ್ಯಾಂಕ್ ಹೊಳೆಯುತ್ತಿರುತ್ತದೆ, ನೋಡಿದರೆ ತೊಳೆಯಲು ಏನೂ ಉಳಿದಿಲ್ಲ ಅನ್ನಿಸುತ್ತದೆ. ಮೇನ್ ಜರ್ನಲ್ಲಿನಿಂದ ಬಿಗ್ ಎಂಡಿಗೆ ಆಯಿಲ್ ಹೋಗುವ ಓರೆ ತೂತುಗಳಲ್ಲಿ ಮಾತ್ರ ಕಲ್ಲಿನ ಪುಡಿ ಕೂತಿರುತ್ತದೆ. ಸೀಮೆಎಣ್ಣೆ, ಉದ್ದನೆಯ ತಂತಿ ಬ್ರಷ್, ಆಮೇಲೆ ಗಾಳಿ. ಬಿಳಿ ಬಟ್ಟೆಗೆ ಬೂದು ಬಣ್ಣ ಹತ್ತದಾಗುವವರೆಗೆ ಬಿಡಬಾರದು. ಹೊಸ ಬೇರಿಂಗ್ ಶೆಲ್ ಬಾಕ್ಸಿನ ಮೇಲೆ ಬರೆದದ್ದನ್ನು ನಂಬದೆ ಶೆಲ್ಲಿನ ಬೆನ್ನಿನ ಮೇಲೆ ಒತ್ತಿದ ಗುರುತನ್ನೇ ಓದಿ. 10 ಥೌ ಕ್ರ್ಯಾಂಕಿಗೆ 20 ಥೌ ಶೆಲ್ ಬಂದಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಜೋಡಿಸಿದ ಮೇಲೆ ಒಂದೇ ಏಟಿಗೆ ಸ್ಟಾರ್ಟ್ ಮಾಡಬಾರದು. ಪಂಪನ್ನು ಕೂರಿಸುವ ಮೊದಲೇ ಅದರೊಳಗೆ ಆಯಿಲ್ ತುಂಬಿರಬೇಕು, ಒಣ ಪಂಪಿಗೆ ಚೇಂಬರಿನಿಂದ ಮೇಲಕ್ಕೆ ಎಳೆಯುವ ಶಕ್ತಿ ಇರುವುದಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿಡಿ, ಕಾಯಿಲ್ ವೈರ್ ತೆಗೆಯಿರಿ, ಗೇಜ್ ಸಿಕ್ಕಿಸಿ. ಆಮೇಲೆ ಸೆಲ್ಫ್ ಹೊಡೆಯಿರಿ, ನಡುನಡುವೆ ಮೋಟಾರಿಗೆ ತಣಿಯಲು ಬಿಡುವು ಕೊಡಿ. ಕಂಪ್ರೆಷನ್ ಇಲ್ಲದ ಕಾರಣ ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಮುಳ್ಳು ಎದ್ದು ನಿಂತ ಮೇಲೆಯೇ ಪ್ಲಗ್‌ಗಳನ್ನು ಹಾಕಿ. ಎಷ್ಟು ತಿರುಗಿಸಿದರೂ ಮುಳ್ಳು ಏಳದಿದ್ದರೆ ಪೆಟ್ರೋಲ್ ಕೊಟ್ಟು ನೋಡೋಣ ಎನ್ನಬೇಡಿ. ರಿಲೀಫ್ ವಾಲ್ವ್, ಫಿಲ್ಟರ್, ಹೀರುವ ಕೊಳವೆ ಈ ಕ್ರಮದಲ್ಲಿ ಮತ್ತೆ ಹುಡುಕಲು ಶುರು ಮಾಡಿ.